ಆಸ್ತಿಯ ಪತ್ರ, ಅಪ್ಪ–ಅವ್ವನ ಆರೈಕೆ: ನಮ್ಮ ಸೀಮೆಯಲ್ಲಿ ಸಲಹೆಗೆ ಯಾರ ಬಾಗಿಲು ಸರಿ?

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಪ್ಪತ್ತು ದಾಟುತ್ತಿದ್ದಂತೆ ಎರಡು ಮಾತು ಏಳುತ್ತವೆ. ಹೊಲ, ಮನೆ ಯಾರ ಹೆಸರಿಗೆ ಆಗಬೇಕು ಎನ್ನುವುದು ಒಂದು. ಅಪ್ಪ, ಅವ್ವ ಯಾರ ಹತ್ತಿರ ಇರಬೇಕು, ಆಸ್ಪತ್ರೆಯ ಖರ್ಚು ಯಾರು ಹೊರಬೇಕು ಎನ್ನುವುದು ಇನ್ನೊಂದು. ಮನೆಯೊಳಗೆ ಇವೆರಡೂ ಒಂದೇ ಮಾತು, ಅದು ಎಲ್ಲರಿಗೂ ಗೊತ್ತು. ಸಲಹೆ ಕೇಳಲು ಹೊಸ್ತಿಲು ದಾಟಿದೊಡನೆ ಮಾತ್ರ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆಸ್ತಿಯ ಮಾತು ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಪತ್ರಬರಹಗಾರರ ಮೇಜಿಗೆ ಹೋಗುತ್ತದೆ, ಆರೈಕೆಯ ಮಾತು ಸರ್ಕಾರಿ ಆಸ್ಪತ್ರೆಯ ಸಾಲಿಗೆ ಹೋಗುತ್ತದೆ. ಪತ್ರ ಬರೆಯುವವರು ಅವ್ವನ ಮಂಡಿನೋವನ್ನು ವಿಚಾರಿಸುವುದಿಲ್ಲ, ವೈದ್ಯರು ಪಹಣಿಯನ್ನು ವಿಚಾರಿಸುವುದಿಲ್ಲ. ಎಲ್ಲವನ್ನೂ ಮಕ್ಕಳ ಹೆಸರಿಗೆ ಮಾಡಿಕೊಟ್ಟು ಊಟಕ್ಕೆ ಕೈಚಾಚುವ ಸ್ಥಿತಿಗೆ ಬಂದ ಹಿರಿಯರ ಕಾಗದಪತ್ರಗಳನ್ನು ಬಿಡಿಸಿ ನೋಡಿದರೆ ಈ ಬಿರುಕು ಎದ್ದು ಕಾಣುತ್ತದೆ.

ಆದ್ದರಿಂದ ನಮ್ಮ ಮೂರು ಜಿಲ್ಲೆಗಳಲ್ಲಿ ಸಿಗುವ ಸಲಹೆಯ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ನನ್ನ ಅಳತೆಗೋಲು ಒಂದೇ. ಆಸ್ತಿಯ ಬಗ್ಗೆ ಸಲಹೆ ಕೊಡುವವರು "ನಾಳೆ ಇವರನ್ನು ನೋಡಿಕೊಳ್ಳುವವರು ಯಾರು, ಅದು ಪತ್ರದಲ್ಲಿ ಎಲ್ಲಿ ಬರುತ್ತದೆ?" ಎಂದು ತಾವಾಗಿಯೇ ಕೇಳಬೇಕು. ಹಾಗೆ ಕೇಳದವರ ಬಳಿ ಪತ್ರವನ್ನು ಟೈಪ್ ಮಾಡಿಸಬಹುದು, ಸಲಹೆ ಪಡೆಯಬಾರದು.

ಊರ ಹಿರಿಯರು, ಪತ್ರಬರಹಗಾರರು, ವಕೀಲರು

ಮೊದಲು ನೆನಪಾಗುವವರು ಊರ ಹಿರಿಯರು. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾವ ಮಗ ಮಾತಿಗೆ ಬಗ್ಗುತ್ತಾನೆ, ಯಾವ ಸೊಸೆ ಅತ್ತೆಯನ್ನು ಮನಸಾರೆ ನೋಡಿಕೊಂಡಿದ್ದಾಳೆ, ಕಾಲುವೆ ನೀರು ಯಾವ ತುಂಡಿಗೆ ಸರಿಯಾಗಿ ಹತ್ತುತ್ತದೆ ಎಂಬುದು ಕಟ್ಟೆಯ ಮೇಲೆ ಕುಳಿತವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ. ಯಾರ ಮನೆಯಲ್ಲಿ ಇರಬೇಕು, ಬೆಂಗಳೂರಿನಲ್ಲಿರುವ ಮಗ ತಿಂಗಳಿಗೆ ಎಷ್ಟು ಕಳುಹಿಸಬೇಕು ಎಂಬಂತಹ ಮಾತುಕತೆಗೆ ಅವರೇ ಸರಿಯಾದವರು. ನಾಲ್ಕು ಜನರ ಎದುರು ಒಪ್ಪಿಕೊಂಡ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ತೂಕವಿದೆ.

ಹೊಲ ಹಂಚುವ ವಿಷಯಕ್ಕೆ ಬಂದರೆ ಆ ತೂಕ ಸಾಲದು. ಪಾಲು ಮಾಡುವ ಪತ್ರ ನೋಂದಣಿಯಾಗಲೇಬೇಕು. ಪಂಚರು ಸಹಿ ಹಾಕಿದ ಸಾದಾ ಕಾಗದವಾಗಲಿ, ಬಾಯಿಮಾತಿನ ಪಾಲಾಗಲಿ ನ್ಯಾಯಾಲಯದಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ ಕಟ್ಟೆಯ ಮೇಲಿನ ಲೆಕ್ಕದಲ್ಲಿ ಹೆಣ್ಣುಮಕ್ಕಳ ಹೆಸರೇ ಬರುವುದಿಲ್ಲ. "ಮದುವೆಯಲ್ಲಿ ಕೊಟ್ಟಾಗಿದೆ" ಎಂದು ಮುಗಿಸಿಬಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲಾಗಿದ್ದರೆ ಮಾತ್ರ ಅದು ಉಳಿಯುತ್ತದೆ. ತಂಗಿಯನ್ನು ಬಿಟ್ಟು ಮಾಡಿದ ಪಾಲು ಹತ್ತು ವರ್ಷದ ಮೇಲೂ ಮರಳಿ ತೆರೆದುಕೊಳ್ಳಬಹುದು, ಆಗ ಅಣ್ಣತಮ್ಮಂದಿರು ಕಟ್ಟಿದ ಮನೆಯೂ ವ್ಯಾಜ್ಯದೊಳಗೆ ಬರುತ್ತದೆ. ತಂಗಿ ಮನಸಾರೆ ಬಿಟ್ಟುಕೊಡುವುದಾದರೆ ಅದಕ್ಕೂ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಅವಳಿಗೆ ಏನನ್ನು ಬಿಡುತ್ತಿದ್ದೇನೆಂದು ತಿಳಿದಿರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತವರಿನ ಬಳಕೆ ಉಳಿಯಲೆಂದು ಸುಮ್ಮನೆ ಹೆಬ್ಬೆಟ್ಟು ಒತ್ತಿದ ಎಷ್ಟೋ ಹೆಣ್ಣುಮಕ್ಕಳು ಮುಪ್ಪಿನಲ್ಲಿ ತಾವೇ ಅತಂತ್ರರಾಗಿದ್ದಾರೆ.

ಪತ್ರಬರಹಗಾರರ ಅನುಕೂಲವೆಂದರೆ ವೇಗ ಮತ್ತು ಕಡಿಮೆ ಖರ್ಚು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬುವುದು, ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವಾಗ ಬೇಕಾಗುವ 11ಇ ನಕ್ಷೆ, ಗ್ರಾಮ ಪಂಚಾಯಿತಿಯ ಮನೆಗೆ ಬೇಕಾದ ಇ–ಸ್ವತ್ತು ದಾಖಲೆ, ಯಾವ ದಿನ ಯಾರು ಹಾಜರಿರಬೇಕು ಎಂಬುದೆಲ್ಲ ಅವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಕೊರತೆಯೆಂದರೆ ಅವರು ಹಳೆಯ ಮಾದರಿಯನ್ನು ತೆಗೆದು ಹೆಸರು, ಚೆಕ್ಕುಬಂದಿ ಬದಲಿಸಿ ಕೊಡುತ್ತಾರೆ. ಆ ಮಾದರಿಯಲ್ಲಿ "ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿರುತ್ತೇನೆ" ಎಂಬ ಸಾಲು ಇರುತ್ತದೆ, "ನನ್ನನ್ನು ಜೀವಮಾನವಿಡೀ ಪೋಷಿಸತಕ್ಕದ್ದು" ಎಂಬ ಸಾಲು ಹಲವು ಬಾರಿ ಇರುವುದೇ ಇಲ್ಲ. ಆ ಒಂದು ಸಾಲಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ವಕೀಲರಲ್ಲಿ ಸಿವಿಲ್ ದಾವೆ, ಅದರಲ್ಲೂ ಪಾಲಿನ ದಾವೆ ನಡೆಸಿದವರನ್ನೇ ಹುಡುಕಬೇಕು. ಪತ್ರಗಳು ಎಲ್ಲಿ ಮುರಿಯುತ್ತವೆ ಎಂಬುದನ್ನು ಅವರು ನ್ಯಾಯಾಲಯದಲ್ಲಿ ಕಣ್ಣಾರೆ ಕಂಡಿರುತ್ತಾರೆ. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಗೊಂದಲವಿದ್ದರೆ, ಎರಡು ಮದುವೆಯ ಕುಟುಂಬವಾಗಿದ್ದರೆ, ತೀರಿಹೋದ ಮಗನ ಹೆಂಡತಿ ಮಕ್ಕಳಿದ್ದರೆ, ಅಥವಾ ಜಮೀನು ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ ವಕೀಲರಿಲ್ಲದೆ ಮುಂದುವರಿಯಬೇಡಿ. ಆದರೆ ಒಂದು ಎಚ್ಚರಿಕೆ ಇರಲಿ. ವಕೀಲರನ್ನು ಒಬ್ಬ ಮಗ ಕರೆತಂದಿದ್ದರೆ ಅವರು ಆ ಮಗನ ವಕೀಲರು. ಹಿರಿಯರು ಸ್ವಲ್ಪ ಹೊತ್ತಾದರೂ ಮಕ್ಕಳನ್ನು ಹೊರಗೆ ಕೂರಿಸಿ ಒಬ್ಬರೇ ಮಾತನಾಡಬೇಕು. ಅದಕ್ಕೆ ಅವಕಾಶ ಕೊಡದ ವಕೀಲರು ಎಷ್ಟೇ ಹೆಸರುವಾಸಿಯಾಗಿದ್ದರೂ ಈ ಕೆಲಸಕ್ಕೆ ಬೇಡ.

ಖರ್ಚಿಲ್ಲದೆ ಸಿಗುವ ಬಾಗಿಲು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನಮ್ಮ ಜನ ಜೈಲು, ಅಪಘಾತ, ಜೀವನಾಂಶಗಳ ಜೊತೆ ಮಾತ್ರ ಗುರುತಿಸುತ್ತಾರೆ. ಅದು ಮೂರೂ ಜಿಲ್ಲಾ ಕೇಂದ್ರಗಳಲ್ಲಿದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಆದಾಯ ಮಿತಿಯಿದೆ. ಅಂದರೆ ಹೊಲ ಗಂಡನ ಹೆಸರಿನಲ್ಲಿದ್ದು ತನ್ನ ಕೈಯಲ್ಲಿ ಏನೂ ಇಲ್ಲದ ಅಜ್ಜಿಗೆ ಈ ಬಾಗಿಲು ಯಾವ ಪ್ರಶ್ನೆಯೂ ಇಲ್ಲದೆ ತೆರೆದಿದೆ. ಹಿರಿಯ ನಾಗರಿಕರಿಗೆಂದೇ 2016ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಪ್ರತ್ಯೇಕ ಯೋಜನೆಯನ್ನೂ ರೂಪಿಸಿದೆ. 15100ಕ್ಕೆ ಕರೆ ಮಾಡಿದರೆ ಮೊದಲ ಮಾಹಿತಿ ಸಿಗುತ್ತದೆ.

ಇಲ್ಲಿಯ ಇನ್ನೊಂದು ಲಾಭ ಸಂಧಾನ. ಅಣ್ಣತಮ್ಮಂದಿರ ನಡುವೆ ಮಾತು ಮುರಿಯುವ ಹಂತದಲ್ಲಿದ್ದರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್ ಮುಂದೆ ಕೂರಬಹುದು. ಅಲ್ಲಿ ಒಪ್ಪಂದವಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಊರ ಹಿರಿಯರ ಮುಂದೆ ಆದ ಮಾತಿಗೆ ಕಾನೂನಿನ ಬಲ ಬರುವುದು ಹೀಗೆ. ಮಿತಿಯನ್ನೂ ಹೇಳಬೇಕು. ನಿಮಗೆ ಯಾವ ವಕೀಲರು ಸಿಗುತ್ತಾರೆಂಬುದು ನಿಮ್ಮ ಆಯ್ಕೆಯಲ್ಲ, ಕೆಲವೊಮ್ಮೆ ಅನುಭವ ಕಡಿಮೆ ಇರುವವರು ಸಿಗುತ್ತಾರೆ. ಜೊತೆಗೆ ನಿಮ್ಮ ಕುಟುಂಬಕ್ಕೆ ಹೊಂದುವ ವಿಲ್ ಅನ್ನು ಕೂತು ಬರೆದುಕೊಡುವಷ್ಟು ಬಿಡುವು ಅಲ್ಲಿ ಎಲ್ಲ ಸಲ ಇರುವುದಿಲ್ಲ. ನನ್ನ ಸಲಹೆ ಹೀಗಿದೆ: ಮೊದಲ ಮಾಹಿತಿಗೆ ಇಲ್ಲಿಗೆ ಬನ್ನಿ, ಪತ್ರದ ಕರಡನ್ನು ಸಿವಿಲ್ ವಕೀಲರಿಂದ ಮಾಡಿಸಿ, ನೋಂದಣಿಯ ಓಡಾಟಕ್ಕೆ ಪತ್ರಬರಹಗಾರರನ್ನು ಹಿಡಿಯಿರಿ. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ತೊಂದರೆ.

ಬ್ಯಾಂಕಿನವರು, ವಿಮೆ ಏಜೆಂಟರು ಕೊಡುವ ಸಲಹೆ ನಾಮನಿರ್ದೇಶನಕ್ಕಷ್ಟೇ ಸಾಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ನೆನಪಿಡಬೇಕಾದದ್ದು, ನಾಮಿನಿ ಹಣವನ್ನು ಪಡೆದುಕೊಳ್ಳುವವರು, ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರು. ನಾಮಿನಿಯಾದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ.

ದಾನಪತ್ರ, ವಿಲ್, ಪಾಲುಪಟ್ಟಿ

ಈಗ ನಿಜವಾದ ಆಯ್ಕೆಗೆ ಬರೋಣ. ಕಾರಟಗಿಯ ಕಡೆ ನಾಲ್ಕೆಕರೆ ನೀರಾವರಿ ಗದ್ದೆ, ಊರಿನಲ್ಲಿ ಒಂದು ಮನೆ ಇರುವ ದಂಪತಿಯನ್ನು ಕಲ್ಪಿಸಿಕೊಳ್ಳಿ. ಎರಡು ಗಂಡು, ಒಂದು ಹೆಣ್ಣು. ದೊಡ್ಡ ಮಗ ಊರಿನಲ್ಲೇ ಇದ್ದಾನೆ, ಚಿಕ್ಕವನು ಬೆಂಗಳೂರಿನಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ, ಮಗಳನ್ನು ಸಿಂಧನೂರಿಗೆ ಕೊಟ್ಟಿದೆ.

ದಾನಪತ್ರದ ಆಕರ್ಷಣೆ ದೊಡ್ಡದು. ಹತ್ತಿರದ ಸಂಬಂಧಿಗಳಿಗೆ ಕೊಟ್ಟರೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುವುದಿಲ್ಲ, ನಿಗದಿತ ಸಣ್ಣ ಮೊತ್ತವಷ್ಟೇ. ಒಂದೇ ದಿನದಲ್ಲಿ ನೋಂದಣಿಯಾಗುತ್ತದೆ, ಮಗನ ಹೆಸರು ಪಹಣಿಗೆ ಬರುತ್ತದೆ, ಅವನಿಗೆ ಬೆಳೆ ಸಾಲ ಸಿಗುತ್ತದೆ. ಆದರೆ ನೋಂದಾಯಿತ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅಪ್ಪನ ಹೆಸರು ಪಹಣಿಯಿಂದ ಹೋದ ದಿನವೇ ಅವರ ಹೆಸರಿನ ಸಾಲದ ಅರ್ಹತೆ ಹೋಗುತ್ತದೆ, ಕೈಯಲ್ಲಿದ್ದ ಕೊನೆಯ ಹಿಡಿತವೂ ಹೋಗುತ್ತದೆ. "ಈಗಲೇ ಮಾಡಿಕೊಡದಿದ್ದರೆ ಮುಂದೆ ತೆರಿಗೆ ಬೀಳುತ್ತದೆ" ಎಂದು ಹೆದರಿಸುವವರಿದ್ದಾರೆ. ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು ನಮ್ಮ ದೇಶದಲ್ಲಿ 1985ರಲ್ಲೇ ತೆಗೆದುಹಾಕಲಾಗಿದೆ. ಆ ಭಯಕ್ಕೆ ಸಹಿ ಹಾಕಬೇಡಿ.

ದಾನ ಕೊಡಲೇಬೇಕಾದ ಸಂದರ್ಭವಿದ್ದರೆ ಪೋಷಣೆಯ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಂ ಹೇಳುವುದಿಷ್ಟು: ಮೂಲ ಸೌಕರ್ಯ, ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ಅದನ್ನು ಮಾಡದಿದ್ದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ರದ್ದುಪಡಿಸಬಹುದು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂತಹ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದು ಎಂಬುದು ಸಾಬೀತಾಗದಿದ್ದರೆ ಈ ಕಲಂ ಅನ್ವಯಿಸುವುದಿಲ್ಲ ಎಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ, ತಾಯಿ ಕೊಟ್ಟ ದಾನವನ್ನು ರದ್ದುಪಡಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟ. ಷರತ್ತು ಪತ್ರದಲ್ಲಿದ್ದವರ ದಾರಿ ನೇರ, ಇಲ್ಲದವರು ಅದಿತ್ತೆಂದು ಸಾಬೀತುಪಡಿಸಲು ಹೆಣಗಬೇಕು. ಆ ಸಾಲನ್ನು ಬರೆಸಲು "ಮಗನ ಮೇಲೆ ನಂಬಿಕೆ ಇಲ್ಲವೇ?" ಎಂದು ಯಾರಾದರೂ ಅಡ್ಡಿಪಡಿಸಿದರೆ ಪತ್ರವನ್ನೇ ನಿಲ್ಲಿಸಿ. ನೋಡಿಕೊಳ್ಳುವ ಮನಸ್ಸಿರುವ ಮಗನಿಗೆ ಆ ಸಾಲಿನಿಂದ ನಷ್ಟವೇನೂ ಇಲ್ಲ.

ವಿಲ್ ಇದಕ್ಕೆ ಪೂರ್ತಿ ಭಿನ್ನ. ಬದುಕಿರುವವರೆಗೆ ಆಸ್ತಿ ಹಿರಿಯರದೇ. ಎಷ್ಟು ಬಾರಿ ಬೇಕಾದರೂ ಬದಲಿಸಬಹುದು, ಕೊನೆಯದ್ದು ನಡೆಯುತ್ತದೆ. ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಕಂಡು ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆದರೂ ನಮ್ಮ ಕಡೆಯ ವಾಡಿಕೆಯನ್ನು ನೋಡಿ ನಾನು ನೋಂದಣಿಯನ್ನೇ ಹೇಳುತ್ತೇನೆ. ಪೆಟ್ಟಿಗೆಯಲ್ಲಿದ್ದ ವಿಲ್ ಮಾಯವಾಗುವುದು ಅಪರೂಪವಲ್ಲ. ಸಾಕ್ಷಿಗಳು ಪಾಲು ಪಡೆಯುವವರಾಗಿರಬಾರದು, ಹಿರಿಯರಿಗಿಂತ ಚಿಕ್ಕವರಾಗಿರಲಿ, ಮುಂದೆ ನ್ಯಾಯಾಲಯಕ್ಕೆ ಬಂದು ಹೇಳಬಲ್ಲವರಾಗಿರಲಿ. ಓದಲು ಬಾರದವರ ವಿಲ್ ಆದರೆ ಅದನ್ನು ಓದಿ ಹೇಳಿ ತಿಳಿಸಲಾಗಿದೆ ಎಂಬ ಸಾಲು ಇರಲಿ. ಎಂಬತ್ತು ದಾಟಿದವರಾದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ, ಮನಸ್ಸು ಸ್ವಸ್ಥವಾಗಿದೆ ಎಂದು ತಿಳಿಸುವಂಥದ್ದು, ಜೊತೆಗಿರಲಿ.

ವಿಲ್‌ನ ಮಿತಿ ಒಂದೇ, ಅದನ್ನೇ ಜನ ಮರೆಯುತ್ತಾರೆ. ಪಿತ್ರಾರ್ಜಿತ ಗದ್ದೆಯಲ್ಲಿ ಅಪ್ಪ ವಿಲ್ ಬರೆಯಬಹುದಾದದ್ದು ತಮ್ಮ ಪಾಲಿನಷ್ಟಕ್ಕೆ ಮಾತ್ರ. ನಾಲ್ಕೂ ಎಕರೆಯನ್ನು ದೊಡ್ಡ ಮಗನಿಗೆ ಬರೆದರೆ ಉಳಿದವರ ಪಾಲಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಸ್ವಂತ ದುಡಿಮೆಯಿಂದ ಕೊಂಡದ್ದಾದರೆ ಪೂರ್ತಿ ಸ್ವಾತಂತ್ರ್ಯ. ಮುಸ್ಲಿಂ ಕುಟುಂಬಗಳಿಗೆ ಲೆಕ್ಕ ಬೇರೆ: ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಸಿಯತ್ ಮಾಡಬಹುದು, ಅದರಲ್ಲೂ ವಾರಸುದಾರರಿಗೆ ಬರೆಯಲು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಬದುಕಿರುವಾಗ ಹಿಬಾ (ದಾನ) ಮೂಲಕ ಕೊಡುವುದಾದರೆ ಘೋಷಣೆ, ಸ್ವೀಕಾರ, ಸ್ವಾಧೀನ ಮೂರೂ ಆಗಿರಬೇಕು.

ಇಲ್ಲಿ ಸೊಸೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕೈಕಾಲು ಬಿದ್ದುಹೋದ ಅತ್ತೆಯನ್ನು ಎತ್ತಿ ಕೂರಿಸುವವಳು, ಮೈ ತೊಳೆಯುವವಳು, ರಾತ್ರಿ ಎದ್ದು ನೀರು ಕೊಡುವವಳು ಸಾಮಾನ್ಯವಾಗಿ ಸೊಸೆ. ಕಾನೂನಿನ ಕಣ್ಣಿನಲ್ಲಿ ಗಂಡ ಬದುಕಿರುವ ಸೊಸೆ ವಾರಸುದಾರಳಲ್ಲ. ಹತ್ತು ವರ್ಷ ಸೇವೆ ಮಾಡಿದವಳಿಗೂ ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಹೋಗುವವಳಿಗೂ ಕಾಗದದ ಮೇಲೆ ವ್ಯತ್ಯಾಸವಿಲ್ಲ. ಅವಳ ದುಡಿಮೆಯನ್ನು ಗುರುತಿಸುವ ಮನಸ್ಸು ಹಿರಿಯರಿಗಿದ್ದರೆ ವಿಲ್‌ನಲ್ಲಿ ಅವಳ ಹೆಸರನ್ನೇ ಬರೆಯಬೇಕು, ಮಗನಿಗೆ ಕೊಟ್ಟರೆ ಅವಳಿಗೆ ಕೊಟ್ಟಂತೆ ಎಂದುಕೊಳ್ಳಬಾರದು. "ನಮ್ಮನ್ನು ಯಾರು ನೋಡಿಕೊಳ್ಳುತ್ತಾರೋ ಅವರಿಗೆ" ಎಂದು ಬರೆಸುವುದು ಇನ್ನೂ ಅಪಾಯ. ಸತ್ತ ಮೇಲೆ ಎಲ್ಲರೂ ನೋಡಿಕೊಂಡವರೇ ಆಗುತ್ತಾರೆ.

ಪಾಲುಪಟ್ಟಿ ಸರಿಯಾಗುವುದು ಎಲ್ಲರೂ ಒಪ್ಪಿರುವಾಗ, ಆಸ್ತಿ ಪಿತ್ರಾರ್ಜಿತವಾಗಿರುವಾಗ. ಶುಲ್ಕ ಪ್ರತಿ ಪಾಲಿಗೆ ಇಷ್ಟು ಎಂದು ನಿಗದಿಯಾಗಿರುತ್ತದೆ. ಇದರಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ ಅಂಶ, ಹಿರಿಯರ ಪಾಲನ್ನು ಬೇರೆಯಾಗಿ, ನೀರು ಹತ್ತುವ ಕಡೆಯೇ ಉಳಿಸಿಕೊಳ್ಳುವುದು. ಎಲ್ಲವನ್ನೂ ಮಕ್ಕಳಿಗೆ ಹಂಚಿ "ತಿಂಗಳಿಗೊಂದು ಚೀಲ ಅಕ್ಕಿ" ಎಂದು ಬರೆಸಿದವರಿಗಿಂತ ಒಂದೆಕರೆಯನ್ನಾದರೂ ತಮ್ಮಲ್ಲೇ ಇಟ್ಟುಕೊಂಡು ಲಾವಣಿಗೆ (ಗುತ್ತಿಗೆಗೆ) ಕೊಟ್ಟವರ ಮಾತು ಮನೆಯಲ್ಲಿ ನಡೆಯುವುದನ್ನು ನೋಡಿದ್ದೇನೆ. ಅವ್ವನ ಹೆಸರಿಗೆ ಪ್ರತ್ಯೇಕವಾಗಿ ಏನಾದರೂ ಇರಲೇಬೇಕು. ಅಪ್ಪ ಹೋದ ಮೇಲೆ ಬರಿಗೈಯಲ್ಲಿ ಉಳಿಯುವವರು ಅವರೇ. ವಿಲ್ ಮೂಲಕ ಹೆಂಡತಿಗೆ ಜೀವಿತಾವಧಿಯ ಅನುಭವದ ಹಕ್ಕು ಕೊಡುವುದೋ ಪೂರ್ಣ ಒಡೆತನ ಕೊಡುವುದೋ ಎಂಬುದು ಒಂದೆರಡು ಪದಗಳ ಮೇಲೆ ನಿಲ್ಲುತ್ತದೆ. ಆ ಪದಗಳನ್ನು ವಕೀಲರೇ ಬರೆಯಲಿ.

ಮಂಜೂರಾದ ಜಮೀನಿನ ಬಗ್ಗೆ ಒಂದು ಮಾತು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡಲು 1978ರ ಪಿಟಿಸಿಎಲ್ ಕಾಯ್ದೆ ಬಿಡುವುದಿಲ್ಲ. ಆ ಕಾಯ್ದೆಯ ಪರಭಾರೆಯ ಅರ್ಥದೊಳಗೆ ದಾನ ಬರುತ್ತದೆ. ಕುಟುಂಬದವರ ನಡುವಿನ ಪಾಲು ಮತ್ತು ವಿಲ್ ಬರುವುದಿಲ್ಲ. ಇಂತಹ ಜಮೀನಿಗೆ ದಾನಪತ್ರ ಮಾಡಿಸಲು ಹೊರಟವರು ಅಲ್ಲೇ ನಿಲ್ಲಬೇಕು.

ಯಾವ ಪತ್ರವನ್ನೂ ಮಾಡದೆ ಬಿಟ್ಟರೆ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ದಾರಿ. ಅದು ಕಂದಾಯ ದಾಖಲೆಯ ಕೆಲಸ, ಒಡೆತನವನ್ನು ತೀರ್ಮಾನಿಸುವುದಿಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಹಿರಿಮಗನ ಹೆಸರಿಗೆ ಮಾಡಿಸಿದ ಪೌತಿ ಯಾರಿಗೂ ನೆಮ್ಮದಿ ಕೊಟ್ಟಿಲ್ಲ.

ನನ್ನ ಆಯ್ಕೆ ಕೇಳಿದರೆ, ಸ್ವಯಾರ್ಜಿತಕ್ಕೆ ನೋಂದಾಯಿತ ವಿಲ್, ಪಿತ್ರಾರ್ಜಿತಕ್ಕೆ ಹೆಣ್ಣುಮಕ್ಕಳನ್ನೂ ಒಳಗೊಂಡು ಹಿರಿಯರ ಪಾಲನ್ನು ಉಳಿಸಿದ ಪಾಲುಪಟ್ಟಿ. ದಾನಪತ್ರ ಕೊನೆಯದು, ಅದೂ ಷರತ್ತಿನೊಡನೆ.

ಕೆಟ್ಟ ಮೇಲೆ: ಉಪವಿಭಾಗಾಧಿಕಾರಿಯೋ, ನ್ಯಾಯಾಲಯವೋ

ಮಕ್ಕಳು ಕೈಬಿಟ್ಟಾಗ 2007ರ ಕಾಯ್ದೆಯ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಮುಂದೆ ನಡೆಯುತ್ತದೆ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎಂಬ ಎರಡು ಉಪವಿಭಾಗಗಳಿವೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ ಕಡೆಯವರ ಅರ್ಜಿ ಬಳ್ಳಾರಿಗೆ ಬರುವುದಿಲ್ಲ. ಅರ್ಜಿಯನ್ನು ಹಿರಿಯರೇ ಕೊಡಬಹುದು, ಆಗದಿದ್ದರೆ ಅವರು ಒಪ್ಪಿದ ಯಾರಾದರೂ ಅಥವಾ ಸಂಸ್ಥೆ ಕೊಡಬಹುದು. ನೋಟಿಸ್ ತಲುಪಿದ 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನಗಳಲ್ಲಿ ಜೀವನಾಂಶದ ಅರ್ಜಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಹಿರಿಯರಿಗೆ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಮುಂದೆ ಯಾರಿಗೆ ಸೇರಲಿದೆಯೋ ಆ ಸಂಬಂಧಿಯ ಮೇಲೂ ಅರ್ಜಿ ಹಾಕಬಹುದು, ಇದನ್ನು ಬಹಳ ಜನ ತಿಳಿದಿಲ್ಲ.

ಜೀವನಾಂಶಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಪ್ರಕಾರ ನ್ಯಾಯಾಲಯಕ್ಕೂ ಹೋಗಬಹುದು. ಅಲ್ಲಿ 10,000ದ ಮಿತಿಯಿಲ್ಲ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕು. ಮಗ ಕೂಲಿನಾಲಿ ಮಾಡುವವನಾದರೆ ಉಪವಿಭಾಗಾಧಿಕಾರಿ ಕಚೇರಿ ಸಾಕು, ದೊಡ್ಡ ಸಂಬಳದ ನೌಕರನಾದರೆ ನ್ಯಾಯಾಲಯದ ಲೆಕ್ಕ ಹಾಕಿ ನೋಡಿ. ದಾನ ರದ್ದುಪಡಿಸುವ ಅರ್ಜಿಗೆ ನ್ಯಾಯಮಂಡಳಿಯೇ ಸರಿಯಾದ ಜಾಗ. ಅಲ್ಲಿಂದ ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಆರೈಕೆಗೆ ಯಾರನ್ನು ಕೇಳುವುದು

ಆರೈಕೆಯ ಸಲಹೆಗೆ ಮಾಹಿತಿ ಚದುರಿಹೋಗಿದೆ. ಹಳ್ಳಿಯಲ್ಲಿ ಮೊದಲ ಕೊಂಡಿ ಆಶಾ ಕಾರ್ಯಕರ್ತೆ. ಅವರ ಜೊತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರು ಅಂಗವಿಕಲರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ, ಆದರೆ ಅವರ ಇಲಾಖೆಯ ಹೆಸರೇ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಹಿರಿಯ ನಾಗರಿಕರ ಗುರುತಿನ ಚೀಟಿ, ಅನುದಾನಿತ ವೃದ್ಧಾಶ್ರಮಗಳ ವಿವರ ಈ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಮಾತ್ರ ನಾಡಕಚೇರಿಗೆ ಹೋಗಬೇಕು, 65 ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ. 14567 ಎಂಬ ಹಿರಿಯರ ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಕಾನೂನು ಮತ್ತು ಆರೈಕೆ ಎರಡರ ಪ್ರಶ್ನೆಯನ್ನೂ ಒಂದೇ ಕರೆಯಲ್ಲಿ ಕೇಳಬಹುದಾದ ಅಪರೂಪದ ಜಾಗ ಅದು.

ವೈದ್ಯಕೀಯ ಸಲಹೆಗೆ ಮೂರೂ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ: ಬಳ್ಳಾರಿಯಲ್ಲಿ ವಿಮ್ಸ್ ಎಂದೇ ಜನ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಹಿರಿಯರಿಗೆ ಪ್ರತ್ಯೇಕ ಸಾಲು, ಸಾಧ್ಯವಾದಷ್ಟು ಹಾಸಿಗೆ ಒದಗಿಸಬೇಕೆಂದು 2007ರ ಕಾಯ್ದೆಯೇ ಹೇಳುತ್ತದೆ. ಸಾಲಿನಲ್ಲಿ ನಿಲ್ಲಲಾಗದಿದ್ದರೆ ಅದನ್ನು ಕೇಳಿ ಪಡೆಯಿರಿ.

ಯಾರ ಮನೆ ಎಂಬ ಆಯ್ಕೆಯಲ್ಲಿ ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಸರದಿ. ತಿಂಗಳಿಗೊಬ್ಬ ಮಗನ ಮನೆ, ಇನ್ನೂ ಕೆಟ್ಟದೆಂದರೆ ಅಪ್ಪ ಒಬ್ಬನ ಮನೆಯಲ್ಲಿ, ಅವ್ವ ಇನ್ನೊಬ್ಬನ ಮನೆಯಲ್ಲಿ. ಐವತ್ತು ವರ್ಷ ಜೊತೆಗಿದ್ದವರನ್ನು ಹೀಗೆ ಹರಿದು ಹಂಚುವುದು ಕ್ರೌರ್ಯ ಎಂದೇ ನನ್ನ ಮಾತು. ಸರದಿಯಲ್ಲಿ ಔಷಧದ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ. ಹಿರಿಯರು ತಮ್ಮ ಮನೆಯಲ್ಲೇ ಇದ್ದು, ಹತ್ತಿರದ ಮಗನೋ ಮಗಳೋ ನೋಡಿಕೊಂಡು, ದೂರದವರು ಹಣ ಕಳುಹಿಸುವ ಏರ್ಪಾಡು ನಾನು ನೋಡಿದವುಗಳಲ್ಲಿ ಮೇಲು. ನೋಡಿಕೊಳ್ಳುವವರಿಗೆ ವರ್ಷಕ್ಕೆ ಕೆಲವು ದಿನವಾದರೂ ಬಿಡುವು ಸಿಗುವಂತೆ ಬೆಂಗಳೂರಿನವರು ಬಂದು ನಿಲ್ಲಬೇಕು. ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳು ಹಿರಿಯರಿಗೆ ತೀರಾ ಕಠಿಣ, ರಜೆ ಹಾಕಿ ಬರುವುದಾದರೆ ಜಾತ್ರೆಗಿಂತ ಆಗ ಬರುವುದು ಒಳ್ಳೆಯದು.

ಸಂಬಳಕ್ಕೆ ನೋಡಿಕೊಳ್ಳುವವರನ್ನು ಇಡುವುದಾದರೆ ಕೆಲಸದ ವೇಳೆ, ರಜೆ, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವಂತಹ ಕೆಲಸ ಬರುತ್ತದೆಯೇ ಎಂಬುದನ್ನು ಮೊದಲೇ ಮಾತಾಡಿ. ವೃದ್ಧಾಶ್ರಮವಾದರೆ ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರೆಯೇ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಮುಂಗಡ ಹಣ ಮರಳುತ್ತದೆಯೇ ಎಂದು ಬರಹದಲ್ಲಿ ಕೇಳಿ. ಆಸ್ತಿಯನ್ನು ಆಶ್ರಮಕ್ಕೆ ಬರೆದುಕೊಡಲು ಹೇಳುವಲ್ಲಿ ಸೇರಿಸಬೇಡಿ.

ನೆನಪು ಮಾಸುವ ಮೊದಲು

ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಕೊಟ್ಟರೆ ಮುಂದಿನದೆಲ್ಲ ಮಗ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕೊಟ್ಟವರು ತೀರಿಕೊಂಡರೆ ಅಥವಾ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಮುಗಿಯುತ್ತದೆ. ಅಂದರೆ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಕೆಲಸಕ್ಕೆ ಬಾರದು. ಮರೆವಿನ ಕಾಯಿಲೆ ಹೆಚ್ಚಾದ ಮೇಲೆ ಉಳಿಯುವುದು ನ್ಯಾಯಾಲಯದ ಮೂಲಕ ಪಾಲಕರನ್ನು ನೇಮಿಸಿಕೊಳ್ಳುವ ಉದ್ದನೆಯ ದಾರಿ. ಬ್ಯಾಂಕ್ ಖಾತೆಯನ್ನು ನಂಬಿಕಸ್ಥರೊಬ್ಬರ ಜೊತೆ ಜಂಟಿ ಮಾಡಿಸುವುದು, ವಿಲ್ ಬರೆಯುವುದು, ಎರಡನ್ನೂ ನೆನಪು ಚೆನ್ನಾಗಿರುವಾಗಲೇ ಮುಗಿಸಬೇಕು. ಹೆಸರು ಮರೆಯುವುದು, ದಾರಿ ತಪ್ಪುವುದು ಶುರುವಾದರೆ ಪತ್ರಬರಹಗಾರರಿಗಿಂತ ಮೊದಲು ವೈದ್ಯರನ್ನು ಕಾಣಿ. 14416ರ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಕೊನೆಗಾಲದ ಚಿಕಿತ್ಸೆ ಎಷ್ಟು ಬೇಕು ಎಂಬುದನ್ನೂ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರ ಜನವರಿಯಲ್ಲಿ ಸರಳಗೊಳಿಸಿದ ವಿಧಾನದಂತೆ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ವೆಂಟಿಲೇಟರ್ ಬೇಕೋ ಬೇಡವೋ ಎಂದು ತೀವ್ರ ನಿಗಾ ಘಟಕದ ಹೊರಗೆ ಮಕ್ಕಳು ಜಗಳವಾಡುವುದು ಇದರಿಂದ ತಪ್ಪುತ್ತದೆ.

ಮೊದಲ ಭೇಟಿಗೆ ಹೊರಡುವಾಗ

ಯಾರ ಬಳಿ ಹೋದರೂ ಪಹಣಿಯ ಹೊಸ ಪ್ರತಿ ಕೈಯಲ್ಲಿರಲಿ. ಅದರ 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಎಂಬುದು, 11ರಲ್ಲಿ ಸಾಲದ ವಿವರ ಇರುತ್ತದೆ. ಸೊಸೈಟಿಯ ಹಳೆಯ ಸಾಲ ತೀರಿದ್ದರೂ ಅಲ್ಲಿ ಉಳಿದಿದ್ದರೆ ಮೊದಲು ತೆಗೆಸಿ. ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಋಣಭಾರ ಪತ್ರ, ಮನೆಯ ಇ–ಸ್ವತ್ತು, ಎಲ್ಲ ಮಕ್ಕಳ ಹೆಸರಿರುವ ವಂಶವೃಕ್ಷ ಜೊತೆಗಿರಲಿ. ಆರೈಕೆಯ ಕಡೆಯಿಂದ ಔಷಧಗಳ ಪಟ್ಟಿ, ತಿಂಗಳ ಖರ್ಚು, ಈಗ ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆಯನ್ನು ವಕೀಲರಿಗೂ ತೋರಿಸಿ.

ಹಳೆಯ ಪತ್ರಗಳಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಜ್ಜನ ಪೆಟ್ಟಿಗೆಯಲ್ಲಿ ಉರ್ದುವಿನ ಕಾಗದವಿದ್ದರೆ ಓದಲು ಬರುವುದಿಲ್ಲವೆಂದು ಮನೆಯಲ್ಲೇ ಬಿಟ್ಟು ಹೋಗಬೇಡಿ. ಜಮೀನು ಅಜ್ಜ ಕೊಂಡದ್ದೋ ಮುತ್ತಜ್ಜನಿಂದ ಬಂದದ್ದೋ ಎಂಬುದು ಅದರಲ್ಲೇ ಇರಬಹುದು, ವಿಲ್ ಸಾಕೋ ಪಾಲುಪಟ್ಟಿ ಬೇಕೋ ಎಂಬುದು ಅದರಿಂದಲೇ ತೀರ್ಮಾನವಾಗಬಹುದು. ಉರ್ದು ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆಸಿಕೊಂಡು, ಮೂಲ ಪತ್ರದ ಜೊತೆಗೇ ತೆಗೆದುಕೊಂಡು ಹೋಗಿ.